ಕಿಟ್ಟಣ್ಣ ಶನಿಯನ್ನು ಕಂಡದ್ದು

ಕಾಪುವಿನ ಬಲೆ-ಹಗ್ಗದ ಅಂಗಡಿಯ ಕಿಟ್ಟಣ್ಣನಿಗೆ ಸಿನಿಮಾ ಎಂದರೆ ಆಗುತ್ತಿರಲಿಲ್ಲ. ಆಗದಿರಲು ವಿಶೇಷ ಕಾರಣವೇನೂ ಇರಲಿಲ್ಲ. ಐವತ್ತೈದು ದಾಟಿದ ಮನುಷ್ಯ ಏನಾದರೊಂದನ್ನು ಬಿಟ್ಟಿದ್ದೇನೆ ಎಂದು ಹೇಳಿಕೊಳ್ಳದಿದ್ದರೆ ಗೌರವ ಉಳಿಯುವುದಿಲ್ಲ ಎಂಬುದು ಅವನ ನಂಬಿಕೆ. ಚಹಾ ಬಿಡಲು ಮನಸ್ಸಿರಲಿಲ್ಲ, ಮೀನು ಬಿಡುವ ಪ್ರಶ್ನೆಯೇ ಇರಲಿಲ್ಲ, ಆದ್ದರಿಂದ ಸಿನಿಮಾ ಬಿಟ್ಟಿದ್ದ. ಹೋದ ತಿಂಗಳು ಹೆಂಡತಿ ನಳಿನಾಕ್ಷಿ ಒಂದು ತುಳು ಸಿನಿಮಾಕ್ಕೆ ಕರೆದುಕೊಂಡು ಹೋಗಿ ಎಂದು ಕೇಳಿದ್ದಳು. ಅಂಗಡಿ ಮುಚ್ಚಿ, ಕತ್ತಲಲ್ಲಿ ಕೂತು ಹಲ್ಲು ಕಿರಿಯುವ ವಯಸ್ಸು ತನ್ನದಲ್ಲ ಎಂದು ಕಿಟ್ಟಣ್ಣ ಆ ಮಾತನ್ನು ಅಲ್ಲಿಗೇ ಮುಗಿಸಿದ್ದ. ಕೇರಿಯ ಹೆಂಗಸರೆಲ್ಲ ರಿಕ್ಷಾ ಮಾಡಿಕೊಂಡು ಹೋಗಿ ನೋಡಿ ಬಂದರು. ನಳಿನಾಕ್ಷಿ ಅವರ ಬಾಯಿಂದ ಕಥೆ ಕೇಳಿದಳು, ಆ ವಾರವಿಡೀ ಗಂಡನ ಬಟ್ಟಲಲ್ಲಿ ಬಂಗುಡೆ ಮೀನು ಕಾಣಿಸಲಿಲ್ಲ.

ಇಂಥ ಕಿಟ್ಟಣ್ಣ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಕೊಲೆಸ್ಟರಾಲ್ ನೋಡಿಸಲು ಮಣಿಪಾಲಕ್ಕೆ ಹೋದ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟ. ರಿಪೋರ್ಟು ಮಧ್ಯಾಹ್ನದ ಮೇಲೆ ಎಂದರು. ಎರಡು ಇಡ್ಲಿ ತಿಂದು ಹೊರಗೆ ಬಂದರೆ ಡಾಂಬರು ರಸ್ತೆ ಚಪ್ಪಲಿಗೆ ಅಂಟುತ್ತಿತ್ತು. ತಂಪಿಗೆಂದು ಒಂದು ಮಾಲಿನೊಳಗೆ ನುಗ್ಗಿದ. ಏನನ್ನೂ ಕೊಳ್ಳದೆ ಹೆಂಗಸರ ಬ್ಯಾಗಿನ ಅಂಗಡಿಯ ಎದುರು ಮತ್ತೆ ಮತ್ತೆ ಸುತ್ತುತ್ತಿದ್ದವನನ್ನು ಕಾವಲುಗಾರ ಒಂದು ಥರ ನೋಡತೊಡಗಿದಾಗ, ಮರ್ಯಾದೆ ಉಳಿಸಿಕೊಳ್ಳಲು ಕಂಡ ದಾರಿ ಮೇಲಿನ ಮಾಳಿಗೆಯ ಸಿನಿಮಾದ ಕೌಂಟರ್ ಒಂದೇ. ಅಲ್ಲಿಯ ಹುಡುಗಿಯ ಹತ್ತಿರ ಕಿಟ್ಟಣ್ಣ, ಯಾವುದು ಎಲ್ಲಕ್ಕಿಂತ ಹೆಚ್ಚು ಹೊತ್ತು ನಡೆಯುತ್ತದೋ ಅದನ್ನು ಕೊಡಿ ಎಂದ. ಮೂಲೆಯ ಸೀಟು ಕೇಳಿದವರನ್ನು ಆ ಹುಡುಗಿ ಬಹಳ ನೋಡಿದ್ದಳು. ಸಿನಿಮಾವನ್ನು ಹಗ್ಗದ ಹಾಗೆ ಉದ್ದ ನೋಡಿ ಕೊಳ್ಳುವವರನ್ನು ನೋಡಿರಲಿಲ್ಲ. ಸುಮಾರು ಮೂರು ಗಂಟೆಯ, ಬಾಹ್ಯಾಕಾಶ ಯಾನದ ಒಂದು ಇಂಗ್ಲಿಷ್ ಸಿನಿಮಾದ ಟಿಕೆಟ್ ಹರಿದು ಕೊಟ್ಟಳು.

ಕಿಟ್ಟಣ್ಣ ತಂಪಿಗೆ ಸ್ವಲ್ಪ ತೂಕಡಿಸಿದ. ಎಚ್ಚರವಾದಾಗ ಪರದೆಯ ಮೇಲೆ ಒಂದು ಹಡಗು ಹೋಗುತ್ತಿತ್ತು. ನೀರಿನಲ್ಲಲ್ಲ, ಆಕಾಶದಲ್ಲಿ. ಅದರ ಕ್ಯಾಪ್ಟನ್ ಒಬ್ಬ ಹೆಂಗಸು. ಹಿಂದೆ ಹೋಗಿ ಬಾರದೆ ಉಳಿದ ಇನ್ನೊಂದು ಹಡಗನ್ನು ಹುಡುಕಿಕೊಂಡು ಹೊರಟಿದ್ದಾಳೆ ಎಂಬುದು ಅವನಿಗೆ ಭಾಷೆಯ ಸಹಾಯವಿಲ್ಲದೆ ತಿಳಿಯಿತು. ಕಡಲ ಬದಿಯಲ್ಲಿ ಹುಟ್ಟಿದವರಿಗೆ ಅಷ್ಟನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವನು ನೆಟ್ಟಗೆ ಕೂತ.

ವಿರಾಮ ಕಳೆದು ಸ್ವಲ್ಪ ಹೊತ್ತಿಗೆ ಹಡಗಿನ ಹೊರಮೈಯಲ್ಲಿ ಏನೋ ಕೆಟ್ಟಿತು. ಕ್ಯಾಪ್ಟನ್ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಬಾಗಿಲು ತೆರೆದು ಹೊರಗಿಳಿದಳು. ಅದೇ ಕ್ಷಣ ಥಿಯೇಟರಿನಲ್ಲಿ ಸದ್ದೆಲ್ಲ ನಿಂತುಹೋಯಿತು. ಸಂಗೀತವಿಲ್ಲ, ಯಂತ್ರದ ಗುರುಗುರು ಇಲ್ಲ. ಟಿಕೆಟ್ ಕೊಂಡ ಪ್ರಜೆಯ ಕರ್ತವ್ಯವೆಂದು ಕಿಟ್ಟಣ್ಣ ಎದ್ದು ನಿಂತು, ಹಿಂದೆ ಬೆಳಕು ಬರುವ ಕಿಂಡಿಯ ಕಡೆ ಕೈ ಮಾಡಿ, ಸೌಂಡ್ ಹೋಗಿದೆ ಎಂದು ಗಟ್ಟಿಯಾಗಿ ತಿಳಿಸಿದ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಅವನ ಅಂಗಿ ಹಿಡಿದೆಳೆದು, ಅಲ್ಲಿ ಗಾಳಿ ಇಲ್ಲ ಅಂಕಲ್, ಹಾಗಾಗಿ ಸದ್ದೂ ಇಲ್ಲ ಎಂದು ಪಿಸುಗುಟ್ಟಿದಳು.

ಕಿಟ್ಟಣ್ಣ ನಿಂತಲ್ಲೇ ಪರದೆಯ ಕಡೆ ತಿರುಗಿದ. ಮೊದಲು ನೋಡಿದ್ದು ಹಗ್ಗವನ್ನು, ವೃತ್ತಿಯ ಅಭ್ಯಾಸ. ಅಷ್ಟು ದೊಡ್ಡ ಕತ್ತಲಲ್ಲಿ ಬೆರಳು ದಪ್ಪದ ಒಂದು ಹಗ್ಗ, ಅದರ ತುದಿಯಲ್ಲಿ ಒಬ್ಬ ಹೆಂಗಸು. ಅವಳು ನಿಧಾನವಾಗಿ ಮಗ್ಗುಲಾದಳು. ಅವಳ ಹಿಂದಿನಿಂದ, ಯಾವ ಅವಸರವೂ ಇಲ್ಲದೆ, ಒಂದು ಬೆಳಕು ಏರಿ ಬಂತು. ಬಂದೇ ಬಂತು. ಪರದೆ ತುಂಬಿದ ಮೇಲೂ ಬರುತ್ತಲೇ ಇತ್ತು. ಹಲಸಿನ ತೊಳೆಯ ಬಣ್ಣದ ಮಹಾ ಗೋಲ. ಅದರ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ ಸಾವಿರ ಗೆರೆಗಳ ಬಳೆ. ಆ ಬಳೆಯ ನೆರಳು ಗೋಲದ ಮೈಮೇಲೆ ಬಿದ್ದು ಬಾಗಿತ್ತು. ಅದರ ಮುಂದೆ ಹೆಂಗಸು ಒಂದು ಸಾಸಿವೆ ಕಾಳು. ಅವಳೂ ಕೆಲಸ ಮರೆತು ನೋಡುತ್ತಿದ್ದಳು.

ಅದು ಏನೆಂದು ಕಿಟ್ಟಣ್ಣ ಕೇಳಿದ. ಶನಿ ಗ್ರಹ ಎಂದಳು ಹುಡುಗಿ.

ಶನಿ ಎಂಬ ಶಬ್ದವನ್ನು ಕಿಟ್ಟಣ್ಣ ಹುಟ್ಟಿದಾಗಿನಿಂದ ಕೇಳಿದ್ದ. ದೋಣಿ ಮಗುಚಿದರೆ ಶನಿ, ಸಾಲದವನು ಓಡಿಹೋದರೆ ಶನಿ, ಹಾಲು ಒಡೆದರೆ ಶನಿ. ಆ ಶನಿ ಹೀಗಿರಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಿಂದಿನ ಸಾಲಿನವರು ಕೂತುಕೊಳ್ಳಿ ಎಂದು ಗದರಿಸುವವರೆಗೆ ಅವನು ನಿಂತೇ ಇದ್ದ.

ರಿಪೋರ್ಟು ತರುವುದು ಮರೆತೇಹೋಯಿತು. ಬಸ್ಸಿನಲ್ಲಿ ಕೂತದ್ದು, ಉಡುಪಿಯಲ್ಲಿ ಇನ್ನೊಂದು ಬಸ್ಸು ಹತ್ತಿದ್ದು, ಕಾಪುವಿನಲ್ಲಿ ಇಳಿದದ್ದು ಒಂದೂ ತಿಳಿಯಲಿಲ್ಲ. ಮನೆಯ ಜಗಲಿಯಲ್ಲಿ ಕೂತವನ ಮುಖ ನೋಡಿ ನಳಿನಾಕ್ಷಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಡಾಕ್ಟರು ಎಂತ ಹೇಳಿದರು ಎಂದು ಕೇಳಿದಳು. ಕಿಟ್ಟಣ್ಣ ತೆಂಗಿನ ಮರಗಳ ಮೇಲಿನ ಆಕಾಶದ ಕಡೆ ಕೈ ತೋರಿಸಿದ.

"ನಳಿನಾ, ನಾನು ಇವತ್ತು ಶನಿಯನ್ನು ನೋಡಿದೆ. ಹತ್ತಿರದಿಂದ."

ಇಲ್ಲಿಗೇ ವಿಷಯ ಸ್ಪಷ್ಟ ಮಾಡಿಬಿಡಬಹುದಿತ್ತು. ಮುಂದಿನ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ತುಳು ಸಿನಿಮಾದ ನೆನಪಾಗಿ ಅದು ಅಲ್ಲೇ ಒಣಗಿತು. ಹೆಂಡತಿಗೆ ಇಲ್ಲದ ಸಿನಿಮಾವನ್ನು ತಾನೊಬ್ಬನೇ, ಕೆಲಸದ ದಿನ, ಇಂಗ್ಲಿಷಿನಲ್ಲಿ ನೋಡಿ ಬಂದೆ ಎನ್ನುವ ಧೈರ್ಯ ಯಾವ ಗಂಡಸಿಗುಂಟು? ಕಿಟ್ಟಣ್ಣ ಚಪ್ಪಲಿ ಬಿಚ್ಚಿ ಮೂಲೆಗಿಟ್ಟ. ರಿಪೋರ್ಟು ಎಲ್ಲಿ ಎಂದಾಗ ನಾಳೆ ಎಂದ. ನಳಿನಾಕ್ಷಿ ಒಳಗೆ ಹೋಗಿ ಒಲೆಯ ಎದುರು ಕೂತು ಅತ್ತಳು.

ಮರುದಿನ ಕಿಟ್ಟಣ್ಣ ನಿಜವಾಗಿಯೂ ರಿಪೋರ್ಟಿಗೇ ಹೋದದ್ದು. ಆದರೆ ಪ್ರಯೋಗಾಲಯದ ದಾರಿ ಮಾಲಿನ ಎದುರಿಂದಲೇ ಹಾದುಹೋಗುತ್ತದೆ. ಇನ್ನೊಮ್ಮೆ ಶನಿಯನ್ನು ನೋಡಿ ಹೊರಗೆ ಬರುವಷ್ಟರಲ್ಲಿ ರಿಪೋರ್ಟಿನ ಕಿಟಕಿ ಮುಚ್ಚಿತ್ತು. ಆದ್ದರಿಂದ ಅದರ ಮರುದಿನವೂ ಹೋಗಬೇಕಾಯಿತು. ಹೀಗೆ ಒಂದು ರಿಪೋರ್ಟು ದಿನಗಟ್ಟಲೆ ತಯಾರಾಗುತ್ತಲೇ ಇರುವುದನ್ನು ಕಂಡು, ಕಾಯಿಲೆ ಎಷ್ಟು ದೊಡ್ಡದಿರಬೇಕು ಎಂದು ನಳಿನಾಕ್ಷಿ ಲೆಕ್ಕ ಹಾಕಿದಳು. ಅಲ್ಲಿ ನಿಮಗೆ ಎಂತ ಮಾಡುತ್ತಾರೆ ಎಂದು ಒಂದು ದಿನ ಕೇಳಿಯೇಬಿಟ್ಟಳು. ಸುಳ್ಳು ಹೇಳುವುದು ಕಿಟ್ಟಣ್ಣನಿಗೆ ಒಗ್ಗದು. ಕತ್ತಲೆ ಕೋಣೆಯಲ್ಲಿ ಕೂರಿಸುತ್ತಾರೆ, ಮೂರು ಗಂಟೆ, ತುಂಬಾ ತಂಪು ಎಂದ. ಅಲ್ಲಿ ಯಾರು ಇರುವುದು ಎಂದರೆ, ಒಬ್ಬರು ಮೇಡಂ, ಬಹಳ ಧೈರ್ಯದ ಹೆಂಗಸು ಎಂದ.

ಪಕ್ಕದ ಮನೆಯ ಜೆಸ್ಸಿ ಬಾಯಿ ಇದನ್ನು ಕೇಳಿದ ಕೂಡಲೇ ತಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಕತ್ತಲೆ ಕೋಣೆಯ ಚಿಕಿತ್ಸೆ ತಮ್ಮ ದೊಡ್ಡಪ್ಪನಿಗೂ ಆಗಿತ್ತು, ಆಮೇಲೆ ಅವರು ಜಾಸ್ತಿ ದಿನ ಇರಲಿಲ್ಲ ಎಂದು ನಳಿನಾಕ್ಷಿಯ ಕೈ ಹಿಡಿದು ಸಮಾಧಾನ ಹೇಳಿದರು. ಅತ್ತೂರು ಚರ್ಚಿಗೆ ಕಿಟ್ಟಣ್ಣನಷ್ಟೇ ಎತ್ತರದ ಮೊಂಬತ್ತಿ ಹರಕೆ ಹೊತ್ತರು. ಅಂಗಡಿಗೆ ಬರುವ ಗಿರಾಕಿಗಳು ಕಿಟ್ಟಣ್ಣನ ಹತ್ತಿರ ಚೌಕಾಶಿ ಮಾಡುವುದನ್ನು ನಿಲ್ಲಿಸಿದರು. ಹೋಗುವವನ ಹತ್ತಿರ ಎಂತ ಚರ್ಚೆ ಎಂಬ ಮುಖ. ವರ್ಷವಿಡೀ ಅವನನ್ನು ಬೈಯುತ್ತಿದ್ದ ಒಬ್ಬ ಬೋಟಿನ ಮಾಲಕ ತಾನಾಗಿ ಬಂದು, ಏನಾದರೂ ಹೇಳಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದು ಕೈ ಮುಗಿದ. ತನ್ನ ಬಗ್ಗೆ ಊರಿನಲ್ಲಿ ಇಷ್ಟು ಗೌರವವಿದೆ ಎಂದು ಕಿಟ್ಟಣ್ಣನಿಗೆ ಆವರೆಗೆ ತಿಳಿದಿರಲಿಲ್ಲ.

ನಳಿನಾಕ್ಷಿ ಜೋಯಿಸರನ್ನು ಕರೆಸಿದಳು. ಜೋಯಿಸರು ಜಾತಕ ಹರಡಿ, ಮೂಗಿನ ತುದಿಗೆ ಕನ್ನಡಕ ಇಳಿಸಿ ನೋಡಿದರು. ಅವರಿಗೆ ಗೊಂದಲವಾಯಿತು. ಈ ಜಾತಕದವರಿಗೆ ಏಳರಾಟ ಶನಿ ಬಂದು, ಕಾಡಿಸಿ, ಹೋಗಿ ಬಹಳ ವರ್ಷವಾಗಿತ್ತು. ಹೋದವನು ಇಷ್ಟು ಬೇಗ ಹಿಂದೆ ಬರುವುದು ಶಾಸ್ತ್ರದಲ್ಲಿಲ್ಲ. ಎಲ್ಲಿ ಕಂಡದ್ದು ಎಂದು ಕೇಳಿದರು. ಮಣಿಪಾಲದಲ್ಲಿ ಎಂದ ಕಿಟ್ಟಣ್ಣ.

"ಹೇಗಿದ್ದರು?"

"ಉರುಟಾಗಿ, ಚೆಂಡಿನ ಹಾಗೆ."

"ಬಣ್ಣ?"

"ಹಲಸಿನ ತೊಳೆಯ ಬಣ್ಣ."

"ಕಪ್ಪಲ್ಲವಾ? ವಾಹನ, ಕಾಗೆ?"

"ಕಾಗೆ ಇರಲಿಲ್ಲ. ಸುತ್ತ ಬಳೆ ಉಂಟು. ಬಹಳ ಚಂದ ಜೋಯಿಸರೇ, ಹೇಳಲಿಕ್ಕೆ ಆಗುವುದಿಲ್ಲ." ಇಷ್ಟು ಹೇಳುವಾಗ ಕಿಟ್ಟಣ್ಣನ ಕಣ್ಣು ತೇವವಾಯಿತು.

ಜೋಯಿಸರು ಜಾತಕ ಮಡಚಿದರು. ಮೂವತ್ತು ವರ್ಷದ ವೃತ್ತಿಯಲ್ಲಿ ಶನಿಯಿಂದ ತಪ್ಪಿಸಿ ಎಂದವರನ್ನು ನೋಡಿದ್ದರೇ ಹೊರತು, ಶನಿ ಚಂದ ಎಂದವರನ್ನು ನೋಡಿರಲಿಲ್ಲ. ಇದು ಕೈಮೀರಿದ ಹಂತ ಎಂದು ತೀರ್ಮಾನಿಸಿ, ಬರುವ ಶನಿವಾರ ಮಧ್ಯಾಹ್ನದ ಮೇಲೆ ಮನೆಯಲ್ಲೇ ಶನಿಪೂಜೆ, ಪೂಜೆಯ ಕೊನೆಗೆ ಶನಿಕಥೆಯ ಪಾರಾಯಣ ಆಗಬೇಕು ಎಂದು ವಿಧಿಸಿದರು.

ಕಾಪುವಿನ ಸುದ್ದಿ ಕಾರ್ಕಳಕ್ಕೆ ತಲುಪಲು ಬಸ್ಸಿನಷ್ಟೂ ಹೊತ್ತು ಬೇಡ. ಕಿಟ್ಟಣ್ಣನ ಮಗಳು ನವ್ಯಶ್ರೀ ಉಡುಪಿಯ ಬನ್ನಂಜೆಯ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಳು. ಅವಳಿಗೂ ಕಾರ್ಕಳದ ವಿಶಾಲ್ ಎಂಬ ಒಳ್ಳೆಯ ಹುಡುಗನಿಗೂ ಮದುವೆಯ ಮಾತು ನಡೆದು, ಮೇ ತಿಂಗಳಲ್ಲಿ ನಿಶ್ಚಿತಾರ್ಥ ಎಂದಾಗಿತ್ತು. ವಿಶಾಲನನ್ನು ಸಾಕಿದವರು ಅವನ ದೊಡ್ಡಮ್ಮ ರತ್ನಾವತಿ ಟೀಚರು. ನಿವೃತ್ತಿಯಾಗಿ ಎಷ್ಟೋ ಕಾಲವಾಗಿದ್ದರೂ ಮೈಕಿಲ್ಲದೆ ಇಡೀ ಮೈದಾನಕ್ಕೆ ಕೇಳಿಸುವ ಕಂಠ ಹಾಗೆಯೇ ಉಳಿದಿತ್ತು. ಆಗುವ ಮಾವನಿಗೆ ಏನೋ ಮುಚ್ಚಿಟ್ಟ ಕಾಯಿಲೆ, ಮೇಲಿಂದ ಶನಿ, ಅದರ ಮೇಲೆ ಮಣಿಪಾಲದಲ್ಲಿ ಒಬ್ಬ ಮೇಡಂ ಮತ್ತು ಕತ್ತಲೆ ಕೋಣೆ ಎಂದು ಕೇಳಿದ ಮೇಲೆ ಅವರು ಸುಮ್ಮನಿರುವ ಪೈಕಿಯಲ್ಲ. ಕಾಯಿಲೆಯಾದರೆ ಮರುಗೋಣ, ಮೇಡಂ ಆದರೆ ಸಂಬಂಧ ಬೇಡ ಎಂದು ಹೇಳಿ, ಪೂಜೆಯ ದಿನವೇ ವಿಶಾಲನನ್ನು ಕರೆದುಕೊಂಡು ಕಾಪುವಿಗೆ ಬಂದಿಳಿದರು. ನವ್ಯಶ್ರೀಯ ಮುಖ ಸುಣ್ಣ ಹಚ್ಚಿದ ಹಾಗೆ ಬಿಳಚಿತು. ಅಪ್ಪನನ್ನು ಅವಳು ಎರಡು ಸಲ ಕೇಳಿದ್ದಳು. ಎರಡು ಸಲವೂ ಅವನು, ನಿನಗೂ ತೋರಿಸಬೇಕಿತ್ತು ಮಗಾ ಎಂದು ನಿಟ್ಟುಸಿರು ಬಿಟ್ಟಿದ್ದನೇ ವಿನಾ ಬೇರೇನೂ ಹೇಳಿರಲಿಲ್ಲ.

ಶನಿವಾರ ಮನೆಯ ತುಂಬ ಎಳ್ಳೆಣ್ಣೆಯ ವಾಸನೆ. ಮಂಡಲ ಬರೆದಾಯಿತು, ಕಲಶ ಇಟ್ಟಾಯಿತು, ಅಂಗಳದಲ್ಲಿ ಕುರ್ಚಿ ಹಾಕಿಯಾಯಿತು. ಜೋಯಿಸರು ಯಜಮಾನರು ಬರಲಿ ಎಂದು ಕರೆದರು. ಯಜಮಾನರು ಇರಲಿಲ್ಲ. ಬಚ್ಚಲು, ಬಾವಿಕಟ್ಟೆ, ಅಂಗಡಿ, ಎಲ್ಲ ಕಡೆ ನೋಡಿದರು. ಅಷ್ಟರಲ್ಲಿ ಜೆಸ್ಸಿ ಬಾಯಿಯ ಗಂಡ ರೊಸಾರಿಯೊ ತನ್ನ ಬಾಡಿಗೆಯ ಓಮ್ನಿ ವ್ಯಾನು ನಿಲ್ಲಿಸಿ ಒಳಗೆ ಬಂದ. ಅವನು ಸಹಜವಾಗಿ, ಕಿಟ್ಟಣ್ಣನಾ, ಈಗ ಮಣಿಪಾಲದಲ್ಲಿ ಬಿಟ್ಟು ಬಂದೆನಲ್ಲ, ಇವತ್ತೇ ಕೊನೆ, ನಾಳೆಯಿಂದ ಇಲ್ಲ ಎಂದು ಬಹಳ ಬೇಸರದಲ್ಲಿದ್ದರು ಎಂದ. ಅಂಗಳದಲ್ಲಿ ಒಬ್ಬರು ಅಯ್ಯೋ ಎಂದರು. ಆಸ್ಪತ್ರೆಯ ಯಾವ ವಿಭಾಗ ಎಂದು ವಿಶಾಲ್ ಕೇಳಿದ. ಆಸ್ಪತ್ರೆಯಲ್ಲ, ಮಾಲು ಎಂದ ರೊಸಾರಿಯೊ. ರತ್ನಾವತಿ ಟೀಚರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಡೀರಿ ಎಂದರು.

ಓಮ್ನಿಯಲ್ಲಿ ಟೀಚರು, ನಳಿನಾಕ್ಷಿ, ನವ್ಯಶ್ರೀ, ವಿಶಾಲ್ ಹತ್ತಿದರು. ಯಜಮಾನ ಸಿಕ್ಕಿದ ಕೂಡಲೇ ಸಂಕಲ್ಪ ಮಾಡಿಸಬಹುದು ಎಂದು ಜೋಯಿಸರೂ ಪಂಚಪಾತ್ರೆ ಸಮೇತ ಹತ್ತಿದರು. ಪ್ರಸಾದಕ್ಕೆ ಕೂತ ಊರನ್ನು ಜೆಸ್ಸಿ ಬಾಯಿಗೆ ಒಪ್ಪಿಸಿ ವಾಹನ ಹೊರಟಿತು. ಉಡುಪಿ ದಾಟಿದ ಮೇಲೆ ನಳಿನಾಕ್ಷಿ ಒಮ್ಮೆ, ಮೇಡಂ ಆದರೂ ಪರವಾಗಿಲ್ಲ, ಜೀವ ಇದ್ದರೆ ಸಾಕು ಎಂದಳು.

ಮಾಲಿನಲ್ಲಿ ಕತ್ತಲೆ ಕೋಣೆ ಎಂದರೆ ಸಿನಿಮಾ ಒಂದೇ ಎಂದು ವಿಶಾಲ್ ಎಲ್ಲರನ್ನೂ ಮೇಲೆ ಕರೆದುಕೊಂಡು ಹೋದ. ಕಿಟ್ಟಣ್ಣನ ಚಹರೆ ಹೇಳಿದ ಕೂಡಲೇ ಕೌಂಟರಿನ ಹುಡುಗಿ, ಉದ್ದದ ಸಿನಿಮಾದ ಅಂಕಲಾ, ಮೂರನೆಯ ಪರದೆ ಎಂದಳು. ಟಿಕೆಟ್ ಕೊಂಡು ಐವರೂ ಕತ್ತಲೊಳಗೆ ನುಗ್ಗಿದರು. ಶಾಲು ಹೊದ್ದ ಜೋಯಿಸರ ಬರಿಮೈಯನ್ನೂ ತಾಮ್ರದ ಪಾತ್ರೆಯನ್ನೂ ನೋಡಿ ಟಾರ್ಚಿನವನು ಏನು ಕೇಳಬೇಕೆಂದು ತಿಳಿಯದೆ ದಾರಿ ಬಿಟ್ಟ. ನಡುವಿನ ಸಾಲಿನಲ್ಲಿ ಕಿಟ್ಟಣ್ಣ ಕೂತಿದ್ದ. ಬಲಕ್ಕೆ ಖಾಲಿ, ಎಡಕ್ಕೆ ಖಾಲಿ. ಆ ಖಾಲಿ ಕುರ್ಚಿಗಳನ್ನು ನೋಡಿದ್ದೇ ನಳಿನಾಕ್ಷಿ, ಮೇಡಂ ಇಲ್ಲವಲ್ಲ ಎಂದಳು. ಅವಳು ಮೆಟ್ಟಿಲಿನ ಮೇಲೆ ಹಾಗೇ ಕೂತಳು. ಟೀಚರು ಕೂರಲಿಲ್ಲ. ಸಂಗೀತದ ಅಬ್ಬರದ ಮೇಲೆ ತಮ್ಮ ದನಿ ಕೇಳಿಸಲೆಂದು ಎದೆ ತುಂಬ ಉಸಿರೆಳೆದುಕೊಂಡರು. ಅದೇ ಹೊತ್ತಿಗೆ ಪರದೆಯ ಮೇಲೆ ಕ್ಯಾಪ್ಟನ್ ಬಾಗಿಲು ತೆರೆದಳು. ಸದ್ದೆಲ್ಲ ನಿಂತಿತು.

"ಕಿಟ್ಟಣ್ಣ, ಮನೆಯಲ್ಲಿ ಶನಿಪೂಜೆ ಇಟ್ಟುಕೊಂಡು ನೀವು ಇಲ್ಲಿ..."

ಇಡೀ ಥಿಯೇಟರು ತಿರುಗಿ ನೋಡಿತು. ಆದರೆ ಟೀಚರ ಮಾತು ಅಲ್ಲಿಗೇ ನಿಂತಿತ್ತು. ಅವರ ವಾಕ್ಯ ಕ್ರಿಯಾಪದವಿಲ್ಲದೆ ನಿಂತದ್ದು ಅದೇ ಮೊದಲು ಎಂದು ಕಾರ್ಕಳದಲ್ಲಿ ಈಗಲೂ ಹೇಳುತ್ತಾರೆ. ಹೆಂಗಸಿನ ಹಿಂದಿನಿಂದ ಅದು ಏರಿ ಬರುತ್ತಿತ್ತು. ಗೋಡೆಗಳ ಮೇಲೆ, ಸೀಟುಗಳ ಮೇಲೆ, ಟೀಚರ ಬಿಳಿ ಕೂದಲಿನ ಮೇಲೆ, ನಳಿನಾಕ್ಷಿಯ ಒದ್ದೆ ಕೆನ್ನೆಯ ಮೇಲೆ ಹೊನ್ನಿನ ಬಣ್ಣದ ಬೆಳಕು ಹರಿಯಿತು. ಬಳೆಯ ಗೆರೆಗಳು ಒಂದೊಂದಾಗಿ ಬಿಚ್ಚಿಕೊಂಡವು.

ಕಿಟ್ಟಣ್ಣ ಹೆಂಡತಿಯನ್ನು ಕಂಡ. ಓಡುವ ದಾರಿ ಇರಲಿಲ್ಲ. ಓಡುವ ಮನಸ್ಸೂ ಆಗಲಿಲ್ಲ. ಪಕ್ಕದ ಕುರ್ಚಿಯನ್ನು ಬಿಡಿಸಿಕೊಟ್ಟ. ಅವಳು ಪರದೆಯಿಂದ ಕಣ್ಣು ತೆಗೆಯದೆ ಬಂದು ಕೂತಳು. ಇದು ಯಾರು ಎಂದು ಜೋಯಿಸರು ಬಗ್ಗಿ ಪಿಸುಗುಟ್ಟಿದರು.

"ಶನಿ," ಎಂದ ಕಿಟ್ಟಣ್ಣ.

"ಯಾವ ಶನಿ?"

"ನಮ್ಮದೇ."

ಜೋಯಿಸರು ಪಂಚಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಕೈ ಮುಗಿದರು. "ಇಷ್ಟು ವರ್ಷ ಇವರನ್ನು ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಆ ಮನೆಗೆ ಕಳಿಸುತ್ತಾ ಇದ್ದೆ ಮಾರಾಯ್ರೆ," ಎಂದರು. "ಇಷ್ಟು ದೊಡ್ಡವರು ಅಂತ ಗೊತ್ತಿರಲಿಲ್ಲ."

ಸಿನಿಮಾ ಮುಗಿಯುವವರೆಗೆ ಎಲ್ಲರೂ ಅದೇ ಸಾಲಿನಲ್ಲಿ ಕೂತರು. ಕಳೆದುಹೋದ ಹಡಗು ಸಿಕ್ಕಿತು. ಅದರಲ್ಲಿದ್ದವರು ಸಿಕ್ಕಲಿಲ್ಲ. ಕ್ಯಾಪ್ಟನ್ ಆ ಹಡಗಿನ ಕಿಟಕಿಯಲ್ಲಿ ಒಂದು ದೀಪ ಹಚ್ಚಿಟ್ಟು ಇನ್ನೂ ಮುಂದಕ್ಕೆ ಹೋದಳು. ಭೂಮಿ ಒಂದು ಚುಕ್ಕೆಯಾಗಿ, ಚುಕ್ಕೆಯೂ ಇಲ್ಲವಾಯಿತು. ದೀಪಗಳು ಹೊತ್ತಿಕೊಂಡಾಗ ವಿಶಾಲ್ ಮತ್ತು ನವ್ಯಶ್ರೀ ಕೈ ಹಿಡಿದುಕೊಂಡಿದ್ದದ್ದು ಎಲ್ಲರಿಗೂ ಕಾಣಿಸಿತು. ಯಾರೂ ಆಕ್ಷೇಪಿಸಲಿಲ್ಲ. ಅಷ್ಟು ದೂರ ಹೋಗಿ ಬಂದವರಿಗೆ ಅದು ಸಣ್ಣ ವಿಷಯವಾಗಿ ಕಂಡಿರಬೇಕು.

ಬೆಳಕಿನಲ್ಲಿ ಕಿಟ್ಟಣ್ಣ ತುಂಬಾ ಚಿಕ್ಕವನಾಗಿ ಕಂಡ. ನಳಿನಾಕ್ಷಿ ಅವನ ಕಡೆ ತಿರುಗಿದಳು.

"ನಿಮ್ಮನ್ನು ಕಳೆದುಕೊಳ್ಳುತ್ತೇನೆ ಅಂತ ನಾನು ದಿನಾ ಅಳುತ್ತಾ ಇದ್ದೆ. ನೀವು ಇಲ್ಲಿ ತಂಪಿನಲ್ಲಿ ಕೂತಿದ್ದಿರಿ."

"ನಾನು ಮೊದಲ ದಿನವೇ ಹೇಳಿದ್ದೆನಲ್ಲ ನಳಿನಾ, ಶನಿಯನ್ನು ನೋಡಿದೆ ಅಂತ."

ಹೇಳಿದ್ದು ನಿಜ. ಅದು ನಿಜವಾದದ್ದರಿಂದಲೇ ಅವಳ ಕೋಪ ಇನ್ನಷ್ಟು ಏರಿತು. ಹೆಂಡತಿ ಕೇಳಿದಾಗ ಇಲ್ಲವೆಂದು, ತಾನೊಬ್ಬನೇ ಇಂಥದ್ದನ್ನು ಮತ್ತೆ ಮತ್ತೆ ನೋಡಿದ ಗಂಡನಿಗೆ ಯಾವ ಶಿಕ್ಷೆ ಕೊಡಬಹುದೆಂದು ಅವಳು ಯೋಚಿಸುತ್ತಿರುವುದು ಹುಬ್ಬಿನಲ್ಲೇ ಕಾಣುತ್ತಿತ್ತು. ಕಿಟ್ಟಣ್ಣ ತಲೆ ತಗ್ಗಿಸಿ, ತಪ್ಪಾಯಿತು ಎಂದ. ಸಿನಿಮಾ ನೋಡಿದ್ದಕ್ಕಲ್ಲ, ನಿನ್ನನ್ನು ಬಿಟ್ಟು ನೋಡಿದ್ದಕ್ಕೆ ಎಂದ. ಮೊದಲ ದಿನ ಕಳೆದ ಮೇಲೆ, ಸದ್ದು ನಿಂತಾಗಲೆಲ್ಲ ಪಕ್ಕಕ್ಕೆ ತಿರುಗಿ ಯಾರಿಗಾದರೂ ಹೇಳಬೇಕೆನಿಸುತ್ತಿತ್ತು, ತಿರುಗಿದರೆ ಖಾಲಿ ಕುರ್ಚಿ ಎಂದ.

ಈಗ ಸಂಬಂಧದ ತೀರ್ಪು ಬರಬೇಕಿತ್ತು. ಎಲ್ಲರೂ ರತ್ನಾವತಿ ಟೀಚರ ಮುಖ ನೋಡಿದರು. ಟೀಚರು ಇನ್ನೂ ಬಿಳಿ ಪರದೆಯನ್ನೇ ನೋಡುತ್ತಿದ್ದರು.

"ಆ ಹುಡುಗಿ ಯಾಕೆ ಅಷ್ಟು ದೂರ ಹೋದದ್ದು?" ಎಂದು ಕೇಳಿದರು. "ಹೊರಡುವಾಗ ಮನೆಯವರು ಬೇಡ ಅನ್ನಲಿಲ್ಲವಾ? ನಾವು ಬಂದದ್ದು ಅರ್ಧದಲ್ಲಿ."

ಕಿಟ್ಟಣ್ಣನ ಮುಖ ಅರಳಿತು. ಕಥೆಯ ಬುಡದಿಂದ ಹೇಳಲು ಅವನು ಗಂಟಲು ಸರಿಮಾಡಿಕೊಂಡ. ನಳಿನಾಕ್ಷಿ ಕೈ ಎತ್ತಿ ತಡೆದಳು.

"ಇವರು ಹೇಳುವುದು ಬೇಡ. ಇವರು ಹೇಳಿದರೆ ಎಂತ ಆಗುತ್ತದೆ ಅಂತ ನೋಡಿ ಆಯಿತು."

ಟೀಚರು ಹೌದೆಂದು ತಲೆಯಾಡಿಸಿ, ನವ್ಯಶ್ರೀಯನ್ನು ಕರೆದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಸಂಜೆ ಇನ್ನೊಂದು ಆಟವಿದೆ, ಅದೇ ಕೊನೆಯದು ಎಂದು ಟಾರ್ಚಿನವನು ತಿಳಿಸಿದ. ಶನಿವಾರ ಎನ್ನುವುದು ಮರುದಿನದ ಸೂರ್ಯೋದಯದವರೆಗೂ ಶನಿವಾರವೇ, ಪೂಜೆಗೆ ಏನೂ ಬಾಧಕವಿಲ್ಲ ಎಂದು ಜೋಯಿಸರು ಯಾರೂ ಕೇಳದೆಯೇ ಶಾಸ್ತ್ರ ಹೇಳಿದರು. ವಿಶಾಲ್ ಟಿಕೆಟಿಗೆ ಓಡಿದ. ಹೊರಗೆ ಕಾಯುತ್ತಿದ್ದ ರೊಸಾರಿಯೊನನ್ನೂ ಕರೆದು ತಂದರು.

ಈ ಸಲ ಎಲ್ಲರೂ ಮೊದಲಿನಿಂದ ನೋಡಿದರು. ಬಾಗಿಲು ತೆರೆಯುವ ಹೊತ್ತು ಬಂದಾಗ ಕಿಟ್ಟಣ್ಣ ಏನೋ ಹೇಳಲೆಂದು ಪಕ್ಕಕ್ಕೆ ವಾಲಿದ. ನಳಿನಾಕ್ಷಿ ಅವನ ಬಾಯಿಯ ಮೇಲೆ ಅಂಗೈ ಇಟ್ಟಳು, ಹಾಗೆಯೇ ಇಟ್ಟುಕೊಂಡಳು. ಪರದೆ ತುಂಬಿ ಬಂದ ಆ ಬೆಳಕನ್ನು ಬಹಳ ಹೊತ್ತು ನೋಡಿದ ಮೇಲೆ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

"ಪಾಪ. ಇಷ್ಟು ಚಂದದವರಿಗೆ ನಾವು ಎಷ್ಟು ಬೈದಿದ್ದೇವೆ ಅಲ್ವಾ."